ಮಾನಿಟರಿನ ತಪ್ಪು

ಪಾರ್ಥ ಕಿಟಕಿಗೆ ಕಂಬಳಿ ಕಟ್ಟಿ ಕೋಣೆಯನ್ನು ಕತ್ತಲು ಮಾಡಿದ. ಎಕ್ಸ್‌ರೇ ನೋಡುವ ಮಾನಿಟರಿನ ಎದುರು ಸ್ಟ್ಯಾಂಡು ನಿಲ್ಲಿಸಿ ಕ್ಯಾಮೆರಾ ಕೂರಿಸಿದ. ಪಕ್ಕದಲ್ಲಿ ನಿಂತಿದ್ದ ಅವನ ಅತ್ತಿಗೆ ಡಾಕ್ಟರ್ ಮಂಜರಿ, ಈ ಮಾನಿಟರ್ ಕೆಟ್ಟಿರಲಿ ಎಂದು ಮನಸ್ಸಿನಲ್ಲೇ ಮಂತ್ರಾಲಯದ ರಾಯರಿಗೆ ಕೈಮುಗಿದಳು.

ಬೆಳಿಗ್ಗೆಯಷ್ಟೇ ದೇವರ ಹಿಪ್ಪರಗಿ ಕಡೆಯಿಂದ ಚಂದವ್ವ ಸಿಂದಗಿಯ ಈ ಆಸ್ಪತ್ರೆಗೆ ಬಂದಿದ್ದಳು. ಅವಳ ಗಂಡ, ಕುರಿ ಕಾಯುವ ಮಾಳಿಂಗರಾಯ, ಚಳಿಗಾಲದಲ್ಲಿ ಕೆಮ್ಮು ಎಂದು ಬಂದಾಗ ಇದೇ ಮಾನಿಟರಿನಲ್ಲಿ ಎಕ್ಸ್‌ರೇ ನೋಡಿ 'ಏನೂ ಇಲ್ಲ' ಎಂದು ಕಳಿಸಿದವಳು ಮಂಜರಿಯೇ. ಈಗ ಅವನು ಸೊಲ್ಲಾಪುರದಲ್ಲಿ ಹಾಸಿಗೆ ಹಿಡಿದಿದ್ದ. ಶ್ವಾಸಕೋಶದಲ್ಲಿ ಗಡ್ಡೆ, ಕೈಮೀರಿದೆ ಎಂದಿದ್ದರು. ಅಲ್ಲಿಯವರು ಹಳೆಯ ಎಕ್ಸ್‌ರೇ ಕೇಳಿದ್ದರಿಂದ ಚಂದವ್ವ ಹೊರಗೆ ಬೆಂಚಿನ ಮೇಲೆ ಕಾದು ಕೂತಿದ್ದಳು. ಅದನ್ನು ತೆರೆದು ನೋಡುವ ಧೈರ್ಯ ಮಂಜರಿಗೆ ಇನ್ನೂ ಬಂದಿರಲಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮೈದುನನನ್ನು ಮೊದಲು ಕರೆಸಿದ್ದಳು.

"ಮಾನಿಟರಿಗೆ ವಯಸ್ಸಾದ್ರ ಕಪ್ಪು ಕಪ್ಪಾಗಿ ಉಳ್ಯಂಗಿಲ್ಲ ವೈನಿ, ಬೂದಿ ಬಳದಂಗ ಆಗ್ತದ," ಎಂದ ಪಾರ್ಥ. "ಅದರಾಗ ಸಣ್ಣ ನೆರಳು ಯಾರ ಕಣ್ಣಿಗೂ ಬೀಳಂಗಿಲ್ಲ. ಬಿಳಿ ಪರದೆ ಹಿಡೀಲಿಕ್ಕೆ ಕ್ಯಾಮೆರಾ ಎಷ್ಟು ಹೊತ್ತು ಕಣ್ಣು ತೆರೀಬೇಕು, ಕಪ್ಪು ಪರದೆಗೆ ಎಷ್ಟು ಹೊತ್ತು ತೆರೀಬೇಕು ನೋಡೋಣ. ಎರಡಕ್ಕೂ ಭಾಳ ಅಂತರ ಇರಲಿಲ್ಲಂದ್ರ ತಪ್ಪು ಇದರದು, ನಿಮ್ಮದಲ್ಲ."

ಪರದೆಯನ್ನು ಪೂರ್ತಿ ಬಿಳಿ ಮಾಡಿ ಚಿತ್ರ ತೆಗೆದ. ರೆಪ್ಪೆ ಮಿಟುಕಿಸುವಷ್ಟೂ ಹೊತ್ತು ಬೇಕಾಗಲಿಲ್ಲ, ಸೆಕೆಂಡಿನ ಇನ್ನೂರೈವತ್ತನೇ ಒಂದು ಪಾಲು ಸಾಕಾಯಿತು. ಆಮೇಲೆ ಪೂರ್ತಿ ಕಪ್ಪು ಮಾಡಿದ. ಅದನ್ನು ಅಷ್ಟೇ ಬೆಳಕಾಗಿ ಹಿಡಿಯಲು ಅರ್ಧ ಸೆಕೆಂಡು ಸಾಲಲಿಲ್ಲ. ಒಂದೂ ಸಾಲಲಿಲ್ಲ. ಎರಡೂ ಸಾಲಲಿಲ್ಲ. ಅವನು ಹೊತ್ತು ಏರಿಸಿದಂತೆಲ್ಲ ಮಾನಿಟರ್ ಕೆಟ್ಟಿದೆ ಎಂಬ ಮಂಜರಿಯ ಆಸೆ ಕರಗುತ್ತ ಹೋಯಿತು. ಕಡೆಗೆ ನಾಲ್ಕು ಸೆಕೆಂಡಿಗೆ ಸರಿಹೋಯಿತು.

ಪಾರ್ಥ ಲೆಕ್ಕ ಮಾಡಿದ. ಮತ್ತೊಮ್ಮೆ ಮಾಡಿದ. "ಸಾವಿರ ಪಟ್ಟು," ಎಂದ, ಅವಳ ಮುಖ ನೋಡದೆ. "ಹೊಸಾದು ಹೆಂಗ ಇರಬೇಕೋ ಹಂಗೇ ಅದ."

ಮಂಜರಿ ಕುರ್ಚಿ ಎಳೆದುಕೊಂಡು ಮಾಳಿಂಗರಾಯನ ಎಕ್ಸ್‌ರೇ ತೆರೆದಳು. ಬಲಗಡೆ ಕೊರಳೆಲುಬಿನ ಹಿಂದೆ ಬೋರೆಹಣ್ಣಿನಷ್ಟು ದೊಡ್ಡ ನೆರಳು. ಹುಡುಕಬೇಕಾದದ್ದೇ ಇರಲಿಲ್ಲ. ಅವತ್ತು ತಂಗಿ ಮುಕ್ತಾಳ ಜೊತೆ ಫೋನಿನಲ್ಲಿ ಸೀರೆಯ ಬಣ್ಣ ಮಾತಾಡುತ್ತಲೇ ಇದನ್ನು ನೋಡಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

"ಇದನ್ನ ಅಳದದ್ದು ನಮ್ಮಿಬ್ಬರಿಗೇ ಗೊತ್ತು," ಪಾರ್ಥ ದನಿ ತಗ್ಗಿಸಿದ. "ಪರದೆ ಹಾಳಾಗಿತ್ತು ಅಂತ ಹೇಳ್ರಿ. ನಾಳೆ ಬ್ಯಾರೆ ತರಸ್ತೀನಿ."

ಮಂಜರಿ ಕುರ್ಚಿಯಿಂದ ಎದ್ದಳು. ಬಾಗಿಲು ತೆರೆದು ಚಂದವ್ವನನ್ನು ಒಳಗೆ ಕರೆದಳು. ಪರದೆಯ ಮೇಲೆ ಆ ಜಾಗಕ್ಕೆ ಬೆರಳಿಟ್ಟು, "ಇದು ಅವತ್ತೇ ಇತ್ತು ಚಂದವ್ವಾ. ಯಂತ್ರದ್ದೇನೂ ತಪ್ಪಿಲ್ಲ. ನಾನೇ ಸರಿಯಾಗಿ ನೋಡಲಿಲ್ಲ," ಎಂದಳು. ಬೈಗುಳ ಬರುತ್ತದೆ, ಇಲ್ಲವೇ ಎದೆ ಬಡಿದುಕೊಂಡು ಅಳುತ್ತಾಳೆ ಎಂದು ಮೈ ಬಿಗಿಹಿಡಿದು ನಿಂತಳು.

ಚಂದವ್ವ ಅಳಲಿಲ್ಲ. ಗಂಡನ ಪಕ್ಕೆಲುಬುಗಳನ್ನೇ ನೋಡುತ್ತ ನಿಂತಳು.

"ಅವತ್ತ ಕಂಡಿದ್ರ ಉಳೀತಿದ್ನೇನ್ರಿ?"

"ಉಳೀಬಹುದಿತ್ತು."

ಪಾರ್ಥ ಕಿಟಕಿಯ ಕಂಬಳಿ ಬಿಚ್ಚತೊಡಗಿದ. ಬಿಸಿಲು ಒಳಗೆ ಬಂದು ಬಿದ್ದಾಗ ಚಂದವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೀವು ಅಂವನ್ನ ನೋಡಾಕ ಸೊಲ್ಲಾಪುರಕ್ಕ ಬಂದ್ರ, ಯಂತ್ರ ಕೆಟ್ಟಿತ್ತಂತನ ಹೇಳ್ರಿ ಬಾಯಾರ. ಯಾರದೂ ತಪ್ಪಿಲ್ಲಂತ ತಿಳ್ಕೊಳ್ಳಲಿ ಅಂವ."

ಮಂಜರಿಗೆ ಅರ್ಥವಾಗಲಿಲ್ಲ. ಚಂದವ್ವನೇ ಮುಂದುವರಿಸಿದಳು.

"ಬ್ಯಾಸಗಿ ತುಂಬ ದಮ್ಮು ಹತ್ತಿ ಕುಂತಾಗೊಮ್ಮೆ, ಡಾಕ್ಟರಬಾಯಾರ ಏನೂ ಇಲ್ಲಂದಾರ, ಸೋಗು ಹಾಕಬ್ಯಾಡ ಅಂತ ಬೈದು ಬೈದು ಕುರಿ ಹಿಂದ ಅಟ್ಟಿದಾಕಿ ನಾನು."