ಅಂಟಿನೊಳಗಿನ ಕೆಂಪು ಪುಡಿ

ಬಿಳಿ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಮೆಣಸಿನಕಾಯಿಯ ಘಾಟು ಹತ್ತುತ್ತದೆ.

ಬ್ಯಾಡಗಿಯ ನಮ್ಮ ಮೆಣಸಿನಕಾಯಿ ಅಂಗಡಿಯ ಹಿಂದೆ ಅಪ್ಪ ತನ್ನ ಉಳಿ, ಗರಗಸ ಇಡಲು ಮರದ ಪೆಟ್ಟಿಗೆ ಮಾಡಲು ಹೊರಟಿದ್ದ.

"ಮೊಳಿ ಹೊಡದ ಮುಗಸ್ರಿ," ಎಂದಳು ಅವ್ವ.

ಅಪ್ಪ ಕೇಳಲಿಲ್ಲ. ಯಾವ ಅಂಟು ಗಟ್ಟಿ ಎಂದು ಮೊದಲು ನೋಡಬೇಕಿತ್ತು ಅವನಿಗೆ. ಎರಡು ಚೂರು ಹಲಗೆಗಳನ್ನು ಬಡಗಿಗಳು ಕಾಯಿಸಿ ಹಚ್ಚುವ ಕಂದು ಅಂಟಿನಿಂದಲೂ, ಇನ್ನೆರಡನ್ನು ಡಬ್ಬಿಯ ಬಿಳಿ ಅಂಟಿನಿಂದಲೂ ಜೋಡಿಸಿ, ಮೇಲೆ ಮೆಣಸಿನಕಾಯಿ ಚೀಲ ಹೇರಿದ.

ಮರುದಿನ ಮಧ್ಯಾಹ್ನ ಸುತ್ತಿಗೆಯ ಒಂದೇ ಏಟಿಗೆ ಕಂದು ಅಂಟು ಬಿಟ್ಟಿತು.

"ಈ ಬಿಳಿ ಅಂಟಿನದನ್ನ ನೀ ಹೊಡಿಯವ್ವಾ," ಎಂದು ಅಪ್ಪ ಸುತ್ತಿಗೆ ನನಗೆ ಕೊಟ್ಟ. ಕಣ್ಣು ಮುಚ್ಚಿ ಹೊಡೆದೆ. ಕಟ್ಟಿಗೆಯೇ ಸೀಳಿತ್ತು. ಅಂಟಿದ ಜಾಗ ಹಾಗೇ ಇತ್ತು, ನಡುವೆ ಅಂಗಡಿಯಿಂದ ಹಾರಿಬಂದು ಸಿಕ್ಕಿಕೊಂಡ ಮೆಣಸಿನಕಾಯಿ ಪುಡಿಯ ಕೆಂಪು ಗೆರೆ.

"ಕಟ್ಟಿಗಿ ಮುರದೈತಿ, ಅಂಟು ಬಿಟ್ಟಿಲ್ಲಲ್ರೀ!" ಎನ್ನುತ್ತ, ಮೊಳೆ ಹೊಡೆಯಲು ಹೇಳಿದ್ದ ಅವ್ವನೇ ಆ ಮುರಿದ ತುಂಡನ್ನು ದೇವರ ಜಗಲಿಯ ಮೇಲಿಟ್ಟು ಕೈಮುಗಿದಳು.