ಮುನ್ನಿಯ ಗುರುತು

ಫೋನು ಕೆಳಗಿಟ್ಟ ಮೇಘಾ ಮೊದಲು ಮಾಡಿದ ಕೆಲಸ ಅಂಗಡಿಯ ಶಟರ್ ಎಳೆದದ್ದು. ಹಾಡಹಗಲು. ಬೆಟಗೇರಿಯ ಆ ಓಣಿಯಲ್ಲಿ ಮಗ್ಗಗಳು ಎಂದಿನಂತೆ ಸದ್ದು ಮಾಡುತ್ತಿದ್ದವು.

ಕರೆ ಮಾಡಿದವನು ವಯಸ್ಸಾದವನು. ಲಕ್ಷ್ಮೇಶ್ವರದಿಂದ ಮಾತಾಡುತ್ತಿದ್ದೇನೆ ಅಂದ. ಫೋಟೋ ಹಾಕಿದ ಮನೆ ಇದೇ ಏನು ಎಂದು ಕೇಳಿದ. ಹೌದು ಅಂದದ್ದೇ ತಡ, ಒಂದೇ ಉಸಿರಿಗೆ ಹೇಳಿದ.

“ಅದು ನಮ್ಮ ಮುನ್ನಿರಿ. ನೋಡಿದ ಕೂಡ್ಲೇ ಗುರ್ತು ಹಿಡದ್ನಿ.”

ಫೋಟೋ ಹಾಕಿದ್ದು ಗಂಡ ಕಿಶೋರ. ಮನೆಯ ಮುಂದಿನ ಕೋಣೆಯಲ್ಲೇ ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ಮುಳಗುಂದದಲ್ಲಿ ಮುಚ್ಚಿಹೋದ ಒಂದು ಟೈಪಿಂಗ್ ಕ್ಲಾಸಿನ ಗುಜರಿಯಲ್ಲಿ ಅವನಿಗೆ ಹಳೆಯ ಕೀಬೋರ್ಡ್ ಸಿಕ್ಕಿತ್ತು. ಕಲ್ಲಿನಂತೆ ಭಾರ. ಗುಂಡಿಗಳ ಮೇಲೆ ಕನ್ನಡದ ಅಕ್ಷರ. ವೈರಿನ ತುದಿ ಯಾವ ಕಂಪ್ಯೂಟರಿಗೂ ಕೂಡುವಂಥದ್ದಲ್ಲ. ಮಾಡಿದವರ ಹೆಸರು ಎಲ್ಲೂ ಇರಲಿಲ್ಲ. ಹುಬ್ಬಳ್ಳಿಯ ಅಂಗಡಿಗಳವರೂ ಕೈಚೆಲ್ಲಿದ ಮೇಲೆ, ಹಳೆಯ ಯಂತ್ರಗಳ ಹುಚ್ಚಿರುವವರ ಒಂದು ಆನ್‌ಲೈನ್ ಗುಂಪಿಗೆ ಅದರ ಫೋಟೋ ಹಾಕಿ, ಯಾರದು ಹೇಳಿ ಎಂದು ಕೇಳಿದ್ದ. ಕೆಳಗೆ ಅಂಗಡಿಯ ವಿಳಾಸ, ನಂಬರು. ಮನೆಯ ಮಗು ಮುನ್ನಿ ಅದನ್ನು ಆಟಕ್ಕೆ ಇಟ್ಟುಕೊಂಡು ಬಿಡುತ್ತಲೇ ಇರಲಿಲ್ಲ. ಹಾಗಾಗಿ ಫೋಟೋದಲ್ಲಿ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಬಿದ್ದ ಹಲ್ಲು ತೋರಿಸಿ ನಗುತ್ತಿದ್ದಳು.

ಮೇಘಾ ಅವತ್ತೇ ಜಗಳ ತೆಗೆದಿದ್ದಳು, ಮಗುವಿನ ಮುಖ ಊರಿಗೆಲ್ಲ ಯಾಕೆ ತೋರಿಸಬೇಕು ಎಂದು. ಕಿಶೋರ ನಕ್ಕುಬಿಟ್ಟಿದ್ದ. ಒಬ್ಬ ಅದು ತೈವಾನಿನದು ಎಂದು ಬರೆದ. ಯಾವುದೋ ಹಳೆಯ ಸರಕಾರಿ ಕಾರ್ಖಾನೆಯದು ಅಂತ ಇನ್ನೊಬ್ಬನ ವಾದ. ಯಾರಿಗೂ ಗುರುತು ಹತ್ತಲಿಲ್ಲ.

ಈಗ ಮುನ್ನಿಯ ಗುರುತು ಹತ್ತಿತ್ತು. ಫೋಟೋದ ಕೆಳಗೆ ಮಗುವಿನ ಹೆಸರನ್ನು ಕಿಶೋರ ಬರೆದೇ ಇರಲಿಲ್ಲ.

ಮುನ್ನಿ ಮೇಘಾ ಹೆತ್ತ ಮಗಳಲ್ಲ. ನೂಲು ಸುತ್ತುವ ಕೆಲಸಕ್ಕೆಂದು ಬಂದು ಹಿತ್ತಲ ಕೋಣೆಯಲ್ಲಿದ್ದ ರೋಜಾ ಎಂಬ ಹೆಂಗಸಿನ ಕೂಸು. ಇನ್ನೂ ಹಾಲು ಕುಡಿಯುವ ಕೂಸನ್ನು ಬಿಟ್ಟು ರೋಜಾ ಜ್ವರದಲ್ಲಿ ತೀರಿಕೊಂಡಳು. ಕೂಸಿನ ಹೆಸರು ಮುನ್ನಿ, ತನ್ನವರು ಲಕ್ಷ್ಮೇಶ್ವರದ ಕಡೆಯವರು. ಆಕೆ ಹೇಳಿದ್ದು ಇಷ್ಟೇ. ಯಾರೂ ಹುಡುಕಿಕೊಂಡು ಬರಲಿಲ್ಲ. ಮಕ್ಕಳಿಲ್ಲದ ಮೇಘಾ ಕೂಸನ್ನು ಎತ್ತಿಕೊಂಡಳು. ಯಾವ ಕಾಗದಪತ್ರವೂ ಆಗಲಿಲ್ಲ.

ಮುದುಕ ಫೋನಿನಲ್ಲಿ ಇನ್ನೂ ಹೇಳಿದ್ದ.

“ಬೆನ್ನಿಗೆ, ಕೆಳಗ ಎಡಕ್ಕ, ಒಂದು ಕರೇ ಚುಕ್ಕಿ ಇರಬೇಕು ನೋಡ್ರಿ. ನಮ್ಮವಕ್ಕ ಎಲ್ಲಾದಕ್ಕೂ ಇರತೈತಿ. ನಾ ಬಸ್ಸು ಹತ್ತಾಕತ್ತೀನಿ. ಬರೂತನಕ ಜ್ವಾಕಿ ಇಟಗೋರಿ. ಮಳಿಯಾಗ ನೆನಸಬ್ಯಾಡ್ರಿ.”

ಮೇಘಾ ಒಳಗೆ ಓಡಿ, ಆಡುತ್ತಿದ್ದ ಮಗುವಿನ ಫ್ರಾಕು ಎತ್ತಿ ನೋಡಿದಳು. ಸೊಂಟದ ಹತ್ತಿರ ಎಳ್ಳುಕಾಳಿನಷ್ಟು ಮಚ್ಚೆ. ಇಷ್ಟು ದಿನ ಮೈ ತೊಳೆದಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕಿಶೋರ ಮುಂಡರಗಿಗೆ ಕೆಲಸಕ್ಕೆ ಹೋಗಿದ್ದ. ಮತ್ತೆ ಮತ್ತೆ ಹಚ್ಚಿದರೂ ಅವನ ಫೋನು ಹತ್ತಲಿಲ್ಲ. ಪಕ್ಕದ ಮನೆಯ ಉಡಚವ್ವನ ತವರು ಹತ್ತಿರದ ಅಂತೂರ ಬೆಂತೂರ ಎಂಬ ಹಳ್ಳಿ. ಮೇಘಾ ಆಕೆಯ ಕೈಹಿಡಿದು, ಮಗುವನ್ನು ಅಲ್ಲಿಗೆ ಕರೆದೊಯ್ದು ಸಂಜೆಯವರೆಗೆ ಇಟ್ಟುಕೊಳ್ಳಲು ಬೇಡಿಕೊಂಡಳು. ಯಾಕೆಂದು ಹೇಳಲಿಲ್ಲ. ಆ ಮುಖ ನೋಡಿ ಉಡಚವ್ವನೂ ಕೇಳಲಿಲ್ಲ. ಕೀಬೋರ್ಡ್ ಬಿಟ್ಟು ಬರುವುದಿಲ್ಲ ಎಂದು ಮುನ್ನಿ ಹಟ ಹಿಡಿದಳು. ಮೇಘಾ ಅದನ್ನೂ ಚೀಲಕ್ಕೆ ತುರುಕಿ ಇಬ್ಬರನ್ನೂ ಆಟೋ ಹತ್ತಿಸಿದಳು.

“ನೀ ಬರೂದಿಲ್ಲೇನವ್ವಾ?” ಎಂದು ಮುನ್ನಿ ಕೇಳಿದಳು.

ಮೇಘಾ ಕೈಬೀಸಿದಳು.

ಆಮೇಲೆ ಮನೆಯಲ್ಲಿ ಮಗುವಿನ ಸುಳಿವು ಉಳಿಯದಂತೆ ಎತ್ತಿಡತೊಡಗಿದಳು. ಒಣಹಾಕಿದ ಫ್ರಾಕು, ಪುಟ್ಟ ಚಪ್ಪಲಿ, ಹಾಲಿನ ಲೋಟ. ಎತ್ತಿದಷ್ಟೂ ಇನ್ನೊಂದು ಕಣ್ಣಿಗೆ ಬೀಳುತ್ತಿತ್ತು. ಬಾಗಿಲು ಬಡಿದ ಸದ್ದಾಯಿತು.

ಬಂದವನು ಒಬ್ಬನೇ. ಮಡಿ ಧೋತರ, ತಲೆಗೆ ಟೊಪ್ಪಿಗೆ. ಕಂಕುಳಲ್ಲಿ ಕೂಸಿಗೆ ಹೊದಿಸುವಷ್ಟು ಸಣ್ಣ ಕೌದಿ. ಸುತ್ತಿಕೊಂಡು ಹೋಗಲು ತಂದಿದ್ದೇನೆ ಎಂದು ನಾಚುತ್ತ ಹೇಳಿದ. ಹೆದರಿಸಿದ್ದರೆ ಮೇಘಾ ಕೂಗಾಡಿ ಓಣಿ ಸೇರಿಸುತ್ತಿದ್ದಳು. ಅವನ ಕಣ್ಣಿನ ಆಸೆಯೇ ಆಕೆಯನ್ನು ಹೆಚ್ಚು ಹೆದರಿಸಿತು.

“ಎಲ್ಲೈತಿರಿ? ಒಮ್ಮೆ ಕೈಯಾಗ ಹಿಡಕೊಂಡ ನೋಡ್ತೀನಿ. ಇಷ್ಟ ದಿನ ಸಾಕಿದಂಗ ಇಟಗೊಂಡೀರಿ, ನೀವು ಏನ್ ಕೇಳಿದ್ರೂ ಕೊಡ್ತೀನಿ.”

ಮನೆ ತಪ್ಪಿ ಬಂದಿದ್ದೀರಿ ಎಂದು ಹೇಳಬೇಕೆಂದಿದ್ದಳು. ಬಾಯಿಯಿಂದ ಬಂದದ್ದು ಬೇರೆ.

“ಮುನ್ನಿ ಇಲ್ಲರಿ. ಮಾಳಿಗಿ ಮ್ಯಾಲಿಂದ ಬಿತ್ತು. ಹೋತು.”

ಹೇಳಿದ ಕೂಡಲೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಗುವನ್ನು ತಾನೇ ಮಾಳಿಗೆಯಿಂದ ನೂಕಿದಂತಾಯಿತು. ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಆ ನೀರು ನೋಡಿ ಮುದುಕ ನಂಬಿದ.

ಕಟ್ಟೆಯ ಮೇಲೆ ಕುಸಿದು ಕೂತ. ಕೌದಿಯನ್ನು ಬಿಚ್ಚಿದ, ಮಡಚಿದ, ಮತ್ತೆ ಬಿಚ್ಚಿದ. ಬೈಯಲಿಲ್ಲ. ಪೊಲೀಸರ ಮಾತೂ ಎತ್ತಲಿಲ್ಲ. ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡು, ತಲೆ ಎತ್ತಿದ.

“ನಮ್ಮಪ್ಪ ತಾ ಮಾಡಿದ ಕೀಬೋರ್ಡಿಗೆಲ್ಲಾ ಮುನ್ನಿ ಅಂತನ ಹೆಸರಿಟ್ಟಿದ್ದರಿ, ಉಳದದ್ದು ಅದೊಂದ ಇತ್ತು,” ಎಂದ. “ಒಡದದ್ದು ಒಡೀತು ಹೋಗ್ಲಿ, ಅದರದೊಂದು ಗುಂಡಿಯರ ಎತ್ತಿ ಇಟ್ಟೀಯೇನವ್ವಾ?”