ಗುರುವಾರ ನಾಲ್ಕರಿಂದ ಆರು

ಸರಿಯಾಗಿ ನಾಲ್ಕು ಗಂಟೆಗೆ, ಬಿಳಿ ಪೈಜಾಮ, ಬಿಳಿ ಕುರ್ತಾ ತೊಟ್ಟ ಹಿರಿಯರೊಬ್ಬರು ವಡೋದರಾದ ಇಂದುಮತಿಯವರ ಉಡುಪಿ ಹೋಟೆಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ಮುಗಿದುಕೊಂಡೇ ಒಳಗೆ ಬಂದರು. ದೋಸೆ ತಿನ್ನಲು ಯಾರೂ ಚಪ್ಪಲಿ ಬಿಟ್ಟು ಬರುವುದಿಲ್ಲ. ಗಲ್ಲಾದಲ್ಲಿ ಕೂತಿದ್ದ ಇಂದುಮತಿಗೆ ಆಶ್ಚರ್ಯವಾಯಿತು. ಅವರ ಮಗ ಮಂಥನ್‌ಗೆ ಮಾತ್ರ ಆನಂದ. ಅವನು ಇ-ಮೇಲ್ ಕಳಿಸಿದ್ದ ಮುನ್ನೂರ ಹನ್ನೆರಡು ಹೂಡಿಕೆದಾರರಲ್ಲಿ ಉತ್ತರ ಬರೆದ ಒಬ್ಬನೇ ಒಬ್ಬ ಪುಣ್ಯಾತ್ಮ, ಸೂರತ್‌ನ ಹಸ್ಮುಖಭಾಯಿ, ಮಾತಿಗೆ ತಪ್ಪದೆ ಬಂದಿದ್ದರು.

ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಬಾಡಿಗೆ ಫ್ಲ್ಯಾಟು ಹಿಡಿದು, ಇದ್ದ ಕೆಲಸ ಬಿಟ್ಟು, ಮಂಥನ್ ಕಟ್ಟಿದ್ದ ಕಂಪನಿಯ ಹೆಸರು ‘ಮಾತ್ರೆಮಿತ್ರ’. ವಯಸ್ಸಾದವರಿಗೆ ಮಾತ್ರೆಯ ಹೊತ್ತು ನೆನಪಿಸುವ ಆ್ಯಪ್. ಅದರ ಮೊದಲ ಬಳಕೆದಾರಳು ಅಮ್ಮನೇ. ಕಂಪನಿಯ ನೋಂದಾಯಿತ ಕಚೇರಿಯೂ ಅಮ್ಮನ ಹೋಟೆಲೇ, ಫ್ಲ್ಯಾಟಿನ ಮಾಲೀಕ ತನ್ನ ವಿಳಾಸ ಕೊಡಲು ಒಪ್ಪಿರಲಿಲ್ಲ. ಈ ತಿಂಗಳೂ ಯಾರೂ ಕೈಹಿಡಿಯದಿದ್ದರೆ ಬಾಗಿಲು ಮುಚ್ಚಿ, ಬಿಟ್ಟ ಕೆಲಸವನ್ನೇ ಮತ್ತೆ ಬೇಡಿಕೊಂಡು ಹೋಗಬೇಕಿತ್ತು. ಮೊದಮೊದಲು ಅವನು ಇ-ಮೇಲಿನಲ್ಲಿ ನಿಜವನ್ನೇ ಬರೆಯುತ್ತಿದ್ದ. ಒಬ್ಬರೂ ಉತ್ತರಿಸಲಿಲ್ಲ. ಅಪರಿಚಿತರಿಗೆ ಬರೆಯುವ ಇ-ಮೇಲಿನ ಮೊದಲ ಸಾಲೇ ಕರುಳಿಗೆ ಚುಚ್ಚಬೇಕು ಎಂದು ಯಾವನೋ ಪಂಡಿತ ವಿಡಿಯೋದಲ್ಲಿ ಹೇಳಿದ್ದು ಕೇಳಿದ ಮೇಲೆ ಮೊದಲ ಸಾಲನ್ನು ಬದಲಾಯಿಸಿದ.

ಕೊನೆಯ ಸಾಲಿಗೆ ಒಂದು ಗುಜರಾತಿ ಪದವನ್ನೂ ಸೇರಿಸಿದ. ಕುಂದಾಪುರದ ಅಜ್ಜಿ ಮನೆಯಲ್ಲಿ ಓದಿ ಬೆಳೆದ ಅವನು ಗುಜರಾತ್ ರಾಜ್ಯಕ್ಕೆ ಬಂದು ಎರಡೇ ವರ್ಷ. ‘ಬೇಸೋ’ ಎಂದರೆ ಕೂತುಕೊಳ್ಳಿ ಎಂಬುದಷ್ಟು ಗೊತ್ತಿತ್ತು. ಹಾಗಾದರೆ ಕೂತು ಮಾತಾಡುವುದಕ್ಕೆ ‘ಬೇಸ್ಣು’ ಎನ್ನಬಹುದು. ಆ ಪದವನ್ನು ಪೇಪರಿನಲ್ಲೂ ನೋಡಿದ ನೆನಪು. ‘ಬೇಸ್ಣು, ಗುರುವಾರ ನಾಲ್ಕರಿಂದ ಆರು, ದಯವಿಟ್ಟು ಬನ್ನಿ’ ಎಂದು ಬರೆದು, ಕೆಳಗೆ ಹೋಟೆಲಿನ ವಿಳಾಸ ಹಾಕಿದ. ‘ಖಂಡಿತ ಬರುತ್ತೇನೆ. ಓಂ ಶಾಂತಿ’ ಎಂದು ಹಸ್ಮುಖಭಾಯಿ ಉತ್ತರಿಸಿದಾಗ, ಯಾರೋ ಅಧ್ಯಾತ್ಮದ ಒಲವಿರುವ ಶ್ರೀಮಂತರು ಎಂದುಕೊಂಡು ಖುಷಿಪಟ್ಟಿದ್ದ.

ಇಂದುಮತಿ ಕಾಫಿ ತರಿಸಿದರು. ಹಸ್ಮುಖಭಾಯಿ ಮುಟ್ಟಲಿಲ್ಲ, ಇಂಥ ದಿನ ನೀರೂ ಬೇಡ ಎಂದರು. ಮಂಥನ್‌ನ ಕೋಟು, ಟೈ ನೋಡಿ ಸ್ವಲ್ಪ ಹುಬ್ಬು ಗಂಟಿಕ್ಕಿದರೂ ಅವನ ಭುಜ ತಟ್ಟಿ, ಕಣ್ಣು ಮುಚ್ಚಿ ಐದು ನಿಮಿಷ ಸುಮ್ಮನೆ ಕೂತರು. ಆಮೇಲೆ, ಫೋಟೋ ಎಲ್ಲಿ ಎಂದು ಕೇಳಿದರು. ಇದಕ್ಕೇ ಕಾದಿದ್ದ ಮಂಥನ್ ಲ್ಯಾಪ್‌ಟಾಪ್ ಬಿಚ್ಚಿ, ಹೂಡಿಕೆದಾರರಿಗೆಂದು ಮಾಡಿದ್ದ ಸ್ಲೈಡುಗಳ ಮೊದಲ ಚಿತ್ರ ತೋರಿಸಿದ. ಕಪ್ಪು ಬಿಳುಪಿನಲ್ಲಿ ನಗುತ್ತಿರುವ ಹೆಂಗಸು. ಹಸ್ಮುಖಭಾಯಿ ಅದಕ್ಕೆ ಕೈ ಮುಗಿದು ತಲೆ ಎತ್ತಿದರೆ, ಅದೇ ಹೆಂಗಸು ಎದುರಿಗೆ ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದರು.

ವಡೋದರಾದಲ್ಲಿ ಹದಿನೆಂಟು ವರ್ಷ ಕಳೆದಿದ್ದ ಇಂದುಮತಿಗೆ ಬಿಳಿ ಬಟ್ಟೆಯ ಅರ್ಥ ಆಗಲೇ ಹೊಳೆದಿತ್ತು. ತೀರಿಹೋದದ್ದು ಯಾರು ಎಂದು ಗುಜರಾತಿಯಲ್ಲೇ ಕೇಳಿದರು. ಹಸ್ಮುಖಭಾಯಿ ಮೊಬೈಲು ತೆಗೆದು ಇ-ಮೇಲಿನ ಮೊದಲ ಸಾಲನ್ನು ಓದಿದರು: ‘ಒಂದು ಸಂಜೆ ಬಿ.ಪಿ. ಮಾತ್ರೆ ನೆನಪಿಸುವವರು ಯಾರೂ ಇಲ್ಲದೆ ನನ್ನ ತಾಯಿ ತೀರಿಕೊಂಡಳು.’

ಇಂದುಮತಿ ತಟ್ಟೆಯನ್ನು ಮೇಜಿನ ಮೇಲಿಟ್ಟರು.

“ಮಗಾ, ನಾನು ಸತ್ತದ್ದು ಯಾವಾಗ?”

“ಅದು ಕಥೆ ಅಮ್ಮ. ಎಲ್ಲರೂ ಹೀಗೇ ಬರೀತಾರೆ. ಸಾರ್ ಹತ್ರ ಒಂದು ಮೀಟಿಂಗ್ ಆಗ್ಲಿ ಅಂತ ಬೇಸ್ಣು ಇಟ್ಟೆ.”

“ಬೇಸ್ಣು ಅಂದ್ರೆ ಮೀಟಿಂಗ್ ಅಲ್ಲ ಮಾರಾಯ. ಸತ್ತವರ ಮನೆಗೆ ಬಂದು ಕೂತು ಹೋಗುವುದು.”

ಮಂಥನ್‌ನ ಮುಖ ಇಂಗು ತಿಂದ ಮಂಗನಂತಾಯಿತು. ಮುನ್ನೂರ ಹನ್ನೆರಡು ಜನಕ್ಕೆ ಅವನು ಕಳಿಸಿದ್ದು ಹೂಡಿಕೆಯ ಕೋರಿಕೆಯಲ್ಲ, ತಾಯಿಯ ಸಾವಿನ ಕರೆ. ಹಸ್ಮುಖಭಾಯಿಗೆ ಕೋಪ ಬಂದಿರಲಿಲ್ಲ, ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ಅವರ ತಾಯಿ ಹೋದ ವರ್ಷ ಹೋದದ್ದೂ ಹೀಗೇ, ಒಂದು ಮಾತ್ರೆ ಮರೆತು. ಮಂಥನ್ ಬರೆದದ್ದನ್ನು ಓದಿದ ದಿನ ಅತ್ತರಂತೆ. ಹಣ ಹಾಕುವ ಯೋಚನೆ ಇರಲಿಲ್ಲ, ಹುಡುಗನ ಜೊತೆ ಸ್ವಲ್ಪ ಹೊತ್ತು ಕೂತು ಹೋಗೋಣವೆಂದು ಸೂರತ್‌ನಿಂದ ರೈಲು ಹತ್ತಿ ಬಂದಿದ್ದರು. ಇಷ್ಟನ್ನು ಹೇಳಿ, ತಣ್ಣಗಾದ ಕಾಫಿಯನ್ನು ಹತ್ತಿರಕ್ಕೆ ಎಳೆದುಕೊಂಡು, ನೀವು ಬದುಕಿದ್ದೀರಿ ಎಂದಮೇಲೆ ತಿನ್ನಲು ಅಡ್ಡಿಯಿಲ್ಲ ಬೆನ್, ಒಂದು ಮಸಾಲೆ ದೋಸೆ ಹೇಳಿ ಎಂದರು.

ಗೋಡೆಯ ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು, ಇಂದುಮತಿಯ ಬಿ.ಪಿ. ಮಾತ್ರೆಯ ಹೊತ್ತು. ಇಂದುಮತಿ ಗಲ್ಲಾದ ಮೇಲಿದ್ದ ತಮ್ಮ ಮೊಬೈಲನ್ನು ದಿಟ್ಟಿಸಿದರು. ಅದು ಸದ್ದಿಲ್ಲದೆ ಬಿದ್ದಿತ್ತು.

“ಎರಡು ವಾರ ಆಯ್ತು, ನಿನ್ನ ಆ್ಯಪು ನನ್ನನ್ನು ಕರೆಯುವುದೇ ಇಲ್ಲ. ನಾನೇ ಎಂತದೋ ಒತ್ತಿ ಹಾಳು ಮಾಡಿದೆ ಅಂತ ಎಣಿಸಿದ್ದೆ. ನಾಲ್ಕು ದಿನ ಮಾತ್ರೆ ತಪ್ಪಿತು.”

ಮಂಥನ್ ತಲೆ ತಗ್ಗಿಸಿದ. ಇ-ಮೇಲಿಗೂ ಆ್ಯಪಿಗೂ ತಾಳೆಯಾಗಲೆಂದು ಅಮ್ಮನ ಹೆಸರಿನ ಮುಂದೆ ‘ಮೃತ’ ಎಂದು ಗುರುತು ಹಾಕಿದ್ದು ಅವನೇ. ಇಂದುಮತಿ ಮಾತ್ರೆಯ ಸ್ಟ್ರಿಪ್ಪನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಮೊಬೈಲನ್ನು ಅವನ ಮುಂದಿಟ್ಟರು.

“ಮೊದಲು ನನ್ನನ್ನು ಬದುಕಿಸು. ಮೀಟಿಂಗ್ ಆಮೇಲೆ ಮಾಡುವ.”

ಮಂಥನ್ ಆ್ಯಪನ್ನು ತೆರೆದು ಮೇಲಿನಿಂದ ಕೆಳಗಿನವರೆಗೆ ಹುಡುಕಿದ, ಮತ್ತೆ ಹುಡುಕಿದ. ಸತ್ತವರನ್ನು ವಾಪಸು ತರುವ ಬಟನ್ನನ್ನು ಅವನು ಮಾಡಿಯೇ ಇರಲಿಲ್ಲ.